ಹುಲ್ಲು ಹಿಡಿದ ಮರಳು

ಕೇಳುಗರಿಗೆ ನಮಸ್ಕಾರ. ಮರಳುದಿಬ್ಬ ಎಂದ ಕೂಡಲೇ ನಮಗೆ ನೆನಪಾಗುವುದು ತಲಕಾಡು, ಇಲ್ಲವೇ ರಾಜಸ್ಥಾನ. ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಸುಮಾರು 50,000 ಚದರ ಕಿಲೋಮೀಟರ್ ಮರಳುದಿಬ್ಬಗಳ ಸೀಮೆಯಿದೆ. ಹೆಸರು ಸ್ಯಾಂಡ್‌ಹಿಲ್ಸ್. ಕೆಲವು ದಿಬ್ಬಗಳು 120 ಮೀಟರ್ ಎತ್ತರ. ಹೋಗಿ ನೋಡಿದರೆ ಮರಳೇ ಕಾಣದು. ನೆತ್ತಿಯಿಂದ ಬುಡದವರೆಗೆ ಹುಲ್ಲು.

ಅಲ್ಲಿನ ಮಳೆ ವರ್ಷಕ್ಕೆ 430ರಿಂದ 580 ಮಿಲಿಮೀಟರ್. ಬಿದ್ದ ನೀರು ಹರಿದುಹೋಗದೆ ನೇರ ಕೆಳಗಿಳಿದು ಒಗಲಾಲಾ ಅಂತರ್ಜಲವನ್ನು ಸೇರುತ್ತದೆ. ಆದ್ದರಿಂದ ದಿಬ್ಬದ ಮೇಲೆ ಒಣ ಮರಳು, ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಅದೇ ನೀರು ಒಸರಿ ಜೌಗು, ಕೆರೆ. ಲೂಪ್, ಡಿಸ್ಮಲ್ ನದಿಗಳು ಈ ಒಸರಿನಿಂದಲೇ ಬೇಸಿಗೆಯಲ್ಲೂ ಹೆಚ್ಚು ಸೊರಗದೆ ಹರಿಯುತ್ತವೆ. ದನ ಸಾಕುವವರು ಬೇಸಿಗೆಯಲ್ಲಿ ದಿಬ್ಬಗಳನ್ನು ಮೇಯಿಸಿ, ತಗ್ಗಿನ ಹುಲ್ಲನ್ನು ಕೊಯ್ದು ಒಣಗಿಸಿ ಚಳಿಗಾಲಕ್ಕೆ ಇಡುತ್ತಾರೆ. ಮೇವಿನ ಲೆಕ್ಕದಲ್ಲಿ ಒಂದು ಹಳೆಯ ಮಾತಿದೆ: ಅರ್ಧ ಮೇಯಲಿ, ಅರ್ಧ ಉಳಿಯಲಿ.

ಉಳಿಯದಿದ್ದರೆ? ನೀರಿನ ತೊಟ್ಟಿಯ ಸುತ್ತ, ಬೇಲಿಯ ಮೂಲೆಯಲ್ಲಿ, ದನಗಳು ದಿನವೂ ನಡೆವ ಜಾಡಿನಲ್ಲಿ ಮೊದಲು ಹುಲ್ಲು ಸವೆಯುತ್ತದೆ. ಬರಿದಾದ ಜಾಗಕ್ಕೆ ಗಾಳಿ ಬಾಯಿ ಹಾಕುತ್ತದೆ. ಮರಳು ಎದ್ದು ಬೇರುಗಳು ಬಯಲಾಗುತ್ತವೆ, ಅಂಚು ಕುಸಿಯುತ್ತದೆ, ಗುಂಡಿ ಬಟ್ಟಲಿನಂತೆ ಅಗಲವಾಗುತ್ತದೆ. ಇದಕ್ಕೆ ಬ್ಲೋಔಟ್ ಎನ್ನುತ್ತಾರೆ. ಸುಮ್ಮನೆ ಬೀಜ ಚೆಲ್ಲಿದರೆ ಗಾಳಿ ಅದನ್ನೂ ಒಯ್ಯುತ್ತದೆ. ಮೊದಲು ಬೇಲಿ ಹಾಕಿ ದನಗಳನ್ನು ತಡೆಯಬೇಕು, ಕಡಿದಾದ ಅಂಚನ್ನು ಇಳಿಜಾರು ಮಾಡಬೇಕು, ಮೇಲೆ ಹಳೆಯ ಒಣಹುಲ್ಲು ಹರಡಬೇಕು. ನೆಲದೊಳಗೆ ಕಾಂಡ ಹಬ್ಬಿಸುವ ಸ್ಯಾಂಡ್‌ರೀಡ್, ಸ್ಯಾಂಡ್ ಬ್ಲೂಸ್ಟೆಮ್ ಎಂಬ ಹುಲ್ಲುಗಳು ಮರಳನ್ನು ಹೊಲಿದಂತೆ ಹಿಡಿಯುತ್ತವೆ. ಒಂದು ಮಳೆಗಾಲದ ಕೆಲಸವಲ್ಲ, ವರ್ಷಗಳೇ ಹಿಡಿಯುತ್ತವೆ. ಹಾಗಾಗಿ ತೊಟ್ಟಿಯನ್ನು ಎಲ್ಲಿಡಬೇಕೆಂಬುದು ಅಲ್ಲಿ ಸಣ್ಣ ಪ್ರಶ್ನೆಯಲ್ಲ.

ನೇಗಿಲು ಇದಕ್ಕಿಂತ ಕೆಟ್ಟದ್ದು. 1904ರ ಕಿಂಕೇಡ್ ಕಾಯ್ದೆ ಅಲ್ಲಿ ನೆಲೆಸಲು ಬಂದ ಒಂದೊಂದು ಕುಟುಂಬಕ್ಕೆ 640 ಎಕರೆವರೆಗೆ ಸರ್ಕಾರಿ ಭೂಮಿ ಕೊಟ್ಟಿತು. 640 ಎಂದರೆ ನಮಗೆ ಜಮೀನ್ದಾರಿ. ಆ ಮರಳಿನಲ್ಲಿ ಹೊಟ್ಟೆಪಾಡಿಗೂ ಕಷ್ಟ. ಉತ್ತವರ ಹೊಲ ಹಾರಿಹೋಯಿತು. ಅನೇಕರು ಮಾರಿ ಹೊರಟರು, ಭೂಮಿ ದನದವರ ಕೈ ಸೇರಿತು.

ಒಂದು ತಮಾಷೆ ಹೇಳಲೇಬೇಕು. ಬ್ಲೋಔಟ್ ಪೆನ್‌ಸ್ಟೆಮನ್ ಎಂಬ ನಸುನೇರಳೆ ಹೂವಿನ ಗಿಡಕ್ಕೆ ಬದುಕಲು ಈ ಗಾಳಿಗುಂಡಿಗಳೇ ಬೇಕು. ದನದವರು ಗುಂಡಿಗಳನ್ನು ಚೆನ್ನಾಗಿ ವಾಸಿ ಮಾಡಿದಷ್ಟೂ ಅದಕ್ಕೆ ನೆಲೆ ತಪ್ಪಿತು. 1987ರಲ್ಲಿ ಅದು ಅಳಿವಿನಂಚಿನ ಪಟ್ಟಿ ಸೇರಿತು. ಈಗ ಸಸಿ ಬೆಳೆಸಿ, ಇನ್ನೂ ಬಾಯ್ತೆರೆದಿರುವ ಗುಂಡಿಗಳನ್ನು ಹುಡುಕಿ ನೆಡುತ್ತಾರೆ.