ಜಾಕೆಟ್ ಟೋಪಿಯ ಅಂಚಿಗಿರುವ ತುಪ್ಪಳ ಅಸಲಿಯೋ ನಕಲಿಯೋ?

[ದೃಶ್ಯ: ಮೇಜಿನ ಮೇಲೆ ಒತ್ತೊತ್ತಾಗಿ ಜೋಡಿಸಿದ ನಾಲ್ಕು ಎ4 ಹಾಳೆ]

ನಮಸ್ಕಾರ. ಈ ನಾಲ್ಕು ಹಾಳೆ ಸೇರಿದರೆ ಹತ್ತಿರ ಹತ್ತಿರ 2,500 ಚದರ ಸೆಂಟಿಮೀಟರ್. ತುಪ್ಪಳಕ್ಕಾಗಿ ಸಾಕುವ ಒಂದು ದೊಡ್ಡ ಮಿಂಕ್‌ಗೆ ಪಂಜರದಲ್ಲಿ ಕನಿಷ್ಠ 2,550 ಇರಲಿ, ಎತ್ತರ 45 ಸೆಂಟಿಮೀಟರ್ ಇರಲಿ ಅಂತ ಕೌನ್ಸಿಲ್ ಆಫ್ ಯುರೋಪ್ 1999ರಲ್ಲಿ ಶಿಫಾರಸು ಮಾಡಿತು. ಮಲಗುವ ಪೆಟ್ಟಿಗೆ ಇದಕ್ಕೆ ಹೊರತು. ಗಮನಿಸಿ, ಇದು ನಿಯಮ ಮುರಿದವರ ಫಾರ್ಮಿನ ಅಳತೆ ಅಲ್ಲ, ನಿಯಮ ಪಾಲಿಸಿದವರದ್ದು.

[ದೃಶ್ಯ: ಹೊಳೆ ದಂಡೆಯಲ್ಲಿ ಈಜುತ್ತಿರುವ ಮಿಂಕ್]

ಮಿಂಕ್ ಅಂದರೆ ನಮ್ಮ ತುಂಗಭದ್ರೆಯ ನೀರುನಾಯಿಯ ಬಳಗದ ಪ್ರಾಣಿ. ಮೂಲ ಉತ್ತರ ಅಮೆರಿಕ. ನೀರಿನ ಅಂಚಲ್ಲಿ ಒಂಟಿಯಾಗಿ ಓಡಾಡುತ್ತೆ, ಮುಳುಗಿ ಮೀನು ಹಿಡಿಯುತ್ತೆ. ಆಕ್ಸ್‌ಫರ್ಡ್ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 16 ಮಿಂಕ್‌ಗಳಿಗೆ ಆಟಿಕೆ, ಸುರಂಗ, ಇನ್ನೊಂದು ಗೂಡು, ನೀರಿನ ತೊಟ್ಟಿ ಹೀಗೆ ಬೇರೆ ಬೇರೆ ಕೋಣೆ ಇಟ್ಟು, ಬಾಗಿಲುಗಳಿಗೆ ಭಾರ ಹೆಚ್ಚಿಸುತ್ತಾ ಹೋದರು. ಉಳಿದೆಲ್ಲಕ್ಕಿಂತ ಹೆಚ್ಚು ಕಷ್ಟಪಟ್ಟು ಅವು ತಳ್ಳಿದ್ದು ತೊಟ್ಟಿಯ ಬಾಗಿಲನ್ನು. ಒಂದು ದಿನ ತೊಟ್ಟಿ ಮುಚ್ಚಿದಾಗ ಮೂತ್ರದಲ್ಲಿ ಒತ್ತಡದ ಹಾರ್ಮೋನ್ ಆದ ಕಾರ್ಟಿಸಾಲ್ ಏರಿತು, ಊಟ ತಪ್ಪಿಸಿದಾಗ ಏರುವಷ್ಟೇ.

ಹಾಗಾದರೆ ಪಂಜರಕ್ಕೆ ತೊಟ್ಟಿ ಯಾಕೆ ಇಡಲ್ಲ? ಸಾವಿರಾರು ಪಂಜರಗಳಲ್ಲಿ ನೀರು ದಿನಾ ಬದಲಾಯಿಸಬೇಕು, ಇಲ್ಲದಿದ್ದರೆ ಹಿಕ್ಕೆ ಸೇರಿ ಕೊಳೆಯುತ್ತೆ. ಖರ್ಚು ಕಟ್ಟುವುದಿಲ್ಲ. ಹಾಗಾಗಿ ತಂತಿ ನೆಲವೇ ಗತಿ. ಎಷ್ಟೋ ಮಿಂಕ್‌ಗಳು ಒಂದೇ ಜಾಗದಲ್ಲಿ ಅತ್ತಿಂದಿತ್ತ ಸುತ್ತುತ್ತಲೇ ಇರುತ್ತವೆ, ಕೆಲವು ತಮ್ಮ ಬಾಲವನ್ನೇ ಕಡಿದುಕೊಳ್ಳುತ್ತವೆ. "ತುಪ್ಪಳ ಹೊಳೀತಿದೆ ಅಂದ್ರೆ ಪ್ರಾಣಿ ಚೆನ್ನಾಗಿದೆ" ಅಂತ ಮಾರುವವರು ಹೇಳುವುದುಂಟು. ಇದನ್ನು ಒಪ್ಪಬೇಡಿ. ಹೊಳಪು ಬರೋದು ತಳಿಯಿಂದ, ಮೇವಿನಿಂದ, ಚಳಿಗಾಲದ ಹೊಸ ಕೂದಲಿನಿಂದ. ದಿನವಿಡೀ ಸುತ್ತುವ ಪ್ರಾಣಿಗೂ ಅದು ಬರುತ್ತೆ. ಏಪ್ರಿಲ್-ಮೇನಲ್ಲಿ ಹುಟ್ಟಿದ ಮರಿಯನ್ನು ನವೆಂಬರ್-ಡಿಸೆಂಬರಲ್ಲಿ, ಆ ಹೊಸ ಕೂದಲು ಬಲಿತ ಕೂಡಲೇ, ಗ್ಯಾಸ್ ಪೆಟ್ಟಿಗೆಗೆ ಹಾಕಿ ಕೊಲ್ಲುತ್ತಾರೆ.

ಇಷ್ಟು ಒತ್ತಾಗಿ ಸಾಕಿದರೆ ರೋಗವೂ ಓಡುತ್ತೆ. 2020ರ ನವೆಂಬರಲ್ಲಿ ಡೆನ್ಮಾರ್ಕ್, ರೂಪಾಂತರಗೊಂಡ ಕೊರೊನಾ ವೈರಸ್ ಮಿಂಕ್‌ಗಳಿಂದ ಜನರಿಗೆ ದಾಟಿದ್ದು ಕಂಡು, ದೇಶದ ಎಲ್ಲ ಮಿಂಕ್‌ಗಳನ್ನು, ಒಂದೂವರೆ ಕೋಟಿಗೂ ಹೆಚ್ಚು, ಕೊಲ್ಲಲು ಹೇಳಿತು. ಹೂತ ಶವಗಳು ಅನಿಲ ತುಂಬಿ ಮಣ್ಣಿನಿಂದ ಮೇಲೆದ್ದವು. ಮರುವರ್ಷ ತೆಗೆದು ಸುಡಬೇಕಾಯಿತು.

[ದೃಶ್ಯ: ಜಾಕೆಟ್ ಟೋಪಿಯ ಅಂಚು, ತೀರಾ ಹತ್ತಿರದಿಂದ]

ಭಾರತ 2017ರ ಜನವರಿಯಲ್ಲಿ ಮಿಂಕ್, ನರಿ, ಇಲಿಯಂಥ ಪ್ರಾಣಿ ಚಿಂಚಿಲಾ ಇವುಗಳ ತುಪ್ಪಳದ ಚರ್ಮಗಳ ಆಮದು ನಿಲ್ಲಿಸಿತು. ಆದರೆ ಚಳಿ ದೇಶಗಳಲ್ಲಿರುವ ಕನ್ನಡಿಗರು ಜಾಕೆಟ್ ಕೊಳ್ಳುವಾಗ ನೋಡಿಯೇ ಕೊಳ್ಳಬೇಕು.

ಮೊದಲು, ಎರಡು ಹೆಬ್ಬೆರಳಿಂದ ಕೂದಲನ್ನು ಬೈತಲೆ ತೆಗೆದ ಹಾಗೆ ಬಿಡಿಸಿ. ಬುಡದಲ್ಲಿ ಚರ್ಮ ಕಂಡರೆ ಅಸಲಿ, ನೇಯ್ದ ಬಟ್ಟೆ ಕಂಡರೆ ನಕಲಿ. ಇದೇ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ. ತುದಿಯನ್ನೂ ನೋಡಿ: ಕತ್ತರಿಸದ ಅಸಲಿ ಕೂದಲು ಸೂಜಿಯಂತೆ ಸಣ್ಣಗಾಗುತ್ತೆ. ಮೇಲೆ ಉದ್ದ ಕೂದಲು, ಕೆಳಗೆ ಒತ್ತಾದ ಮೆತ್ತನೆ ಕೂದಲು, ಎರಡೂ ಇದ್ದರೆ ಅನುಮಾನ ಗಟ್ಟಿ.

ಈಗಾಗಲೇ ಕೊಂಡಿದ್ದರೆ, ಎರಡು ಮೂರು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ತಟ್ಟೆಯ ಮೇಲೆ ಸುಡಿ. ತಲೆಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ಪ್ರಾಣಿಯದ್ದು. ಕರಗಿ ಗಟ್ಟಿ ಮಣಿಯಾದರೆ ಪ್ಲಾಸ್ಟಿಕ್ ನೂಲು. ಉಣ್ಣೆಯಿಂದ ಮಾಡಿದ ನಕಲಿಯೂ ಕೂದಲಿನದೇ ವಾಸನೆ ಕೊಡುತ್ತೆ, ಅದಕ್ಕೇ ಬುಡ ನೋಡೋದನ್ನು ಬಿಡಬೇಡಿ.

ಯುರೋಪಿನ ಲೇಬಲ್ಲಿನಲ್ಲಿ "ಪ್ರಾಣಿಮೂಲದ, ಜವಳಿಯಲ್ಲದ ಭಾಗಗಳಿವೆ" ಎಂಬ ಅರ್ಥದ ಸಾಲಿರುತ್ತೆ. ಅದು ಚರ್ಮದ ಪಟ್ಟಿಯೂ ಆಗಬಹುದು, ಗುಂಡಿಯೂ ಆಗಬಹುದು, ತುಪ್ಪಳವೂ ಆಗಬಹುದು. ಯಾವ ಪ್ರಾಣಿ ಅಂತ ಅಲ್ಲಿ ಇರಲೇಬೇಕೆಂದಿಲ್ಲ, ಕೇಳಬೇಕಾದವರು ನೀವೇ. ಬೆಲೆ ಕಮ್ಮಿ ಅಂತ ನಕಲಿ ಅಂದುಕೊಳ್ಳಬೇಡಿ. ಉಲ್ಲನ್ ಟೋಪಿಯ ನೆತ್ತಿಗೆ ಹೊಲಿದ ಉಂಡೆ, ಕೀಚೈನಿನ ಉಂಡೆ ಅಗ್ಗವಾಗಿದ್ದೂ ಅಸಲಿ ಆಗಿರಬಹುದು. ಅವುಗಳ ಬುಡವನ್ನೂ ಬಿಡಿಸಿ ನೋಡಿ.