ಮರದ ಮೇಲಿನ ಕೊಮೊಡೊ

ಎಲ್ರಿಗೂ ನಮಸ್ಕಾರ. ಕೊಮೊಡೊ ಡ್ರ್ಯಾಗನ್ ಅಂದ ತಕ್ಷಣ ನಿಮ್ಮ ಕಣ್ಮುಂದೆ ಬರೋದು ಯೂಟ್ಯೂಬಲ್ಲಿ ಜಿಂಕೆ ನುಂಗ್ತಾ ಇರೋ ಆ ದೈತ್ಯ, ಗೊತ್ತು ನಂಗೆ. ಅದಕ್ಕೂ ಬರ್ತೀನಿ, ಆದ್ರೆ ಮೊದ್ಲು ಮರಿ ಕಥೆ ಕೇಳಿ, ಅದು ಗೊತ್ತಿಲ್ದೆ ದೊಡ್ಡದು ಅರ್ಥ ಆಗಲ್ಲ ಅನ್ನೋದು ನನ್ನ ವಾದ.

ಜಾಗ ಇಂಡೋನೇಷ್ಯಾ, ಸುಂಬಾವಾ ಮತ್ತೆ ಫ್ಲೋರೆಸ್ ಅನ್ನೋ ದೊಡ್ಡ ದ್ವೀಪಗಳ ನಡುವಿನ ಕೊಮೊಡೊ, ರಿಂಚಾ, ಇನ್ನೆರಡು ಪುಟ್ಟ ದ್ವೀಪ, ಜೊತೆಗೆ ಫ್ಲೋರೆಸ್‌ನ ಕರಾವಳಿಯ ಕೆಲವು ಕಡೆ, ಇಷ್ಟೇ ಅದರ ಪ್ರಪಂಚ. ಇಂಡೋನೇಷ್ಯಾ ಅಂದ್ಕೂಡ್ಲೆ ದಟ್ಟ ಮಳೆಕಾಡು ಊಹಿಸ್ಕೋಬೇಡಿ, ಅಲ್ಲಿ ವರ್ಷದ ಬಹುಪಾಲು ಒಣಹುಲ್ಲಿನ ಗುಡ್ಡ, ನಮ್ಮಲ್ಲಿ ತಾಟಿನಿಂಗು ಬಿಡುತ್ತಲ್ಲ ಅದೇ ತಾಳೆ ಮರ, ಕಣಿವೆಗಳಲ್ಲಿ ಒಂದಿಷ್ಟು ಕಾಡು. ಪ್ರಾಣಿನೂ ತೀರಾ ಪರಕೀಯ ಅಲ್ಲ, ನಮ್ಮ ಹೊಲದ ಬದುವಲ್ಲಿ ಓಡಾಡೋ ಉಡ ಇದೆಯಲ್ಲ, ಅದರ ದಾಯಾದಿ, ಎರಡೂ ವರಾನಸ್ ಕುಲದವೇ.

ಹೆಣ್ಣು ಸೆಪ್ಟೆಂಬರ್ ಸುಮಾರಿಗೆ ಇಪ್ಪತ್ತರ ಆಸುಪಾಸು ಮೊಟ್ಟೆ ಇಡುತ್ತೆ, ಅದೂ ಎಷ್ಟೋ ಸಲ ಮೆಗಾಪೋಡ್ ಅನ್ನೋ ಹಕ್ಕಿ ಕಷ್ಟಪಟ್ಟು ಕೆರೆದು ಗುಡ್ಡೆ ಹಾಕಿದ ಮಣ್ಣಿನ ಗೂಡಲ್ಲಿ, ಬಾಡಿಗೆ ಇಲ್ದೆ. ಏಳೆಂಟು ತಿಂಗಳಾದ್ಮೇಲೆ, ಮಳೆ ಮುಗಿದು ಹುಳಹುಪ್ಪಟೆ ಜಾಸ್ತಿ ಇರೋ ಹೊತ್ತಿಗೆ ಮರಿ ಹೊರಗೆ ಬರುತ್ತೆ, ಮೊಳದಷ್ಟು ಉದ್ದ, ನೂರು ಗ್ರಾಂ ತೂಕ, ಮೈಮೇಲೆ ಹಳದಿ ಚುಕ್ಕಿ ಪಟ್ಟೆ. ಬಂದಿದ್ದೇ ಸೀದಾ ಮರ ಹತ್ತೋದು. ಯಾಕಂದ್ರೆ ಕೆಳಗಿರೋ ದೊಡ್ಡವು, ಅಂದ್ರೆ ಅದರದೇ ಜಾತಿಯವು, ಸಿಕ್ರೆ ತಿಂದ್ಹಾಕ್ತವೆ! ದೊಡ್ಡವಕ್ಕೆ ಮೈಭಾರಕ್ಕೆ ಮರ ಹತ್ತಕ್ಕಾಗಲ್ಲ, ಅದೇ ಮರಿಗೆ ರಕ್ಷಣೆ. ಹಾಗಾಗಿ ಮೊದಲ ಕೆಲವು ವರ್ಷ ಈ 'ಡ್ರ್ಯಾಗನ್' ಕೊಂಬೆ ಮೇಲೆ ಹಲ್ಲಿ, ಮಿಡತೆ ಹಿಡ್ಕೊಂಡು ಬದುಕೋ ಪುಕ್ಕಲು ಜೀವ. ಸತ್ತ ಪ್ರಾಣಿ ಹತ್ರ ತಿನ್ನೋಕೆ ಇಳಿದ್ರೂ ಅಲ್ಲಿರೋ ಸಗಣಿಲಿ ಹೊರಳಾಡುತ್ತೆ, ಆ ವಾಸನೆಗೆ ದೊಡ್ಡವು ಬಾಯಿ ಹಾಕಲ್ಲ.

ಇನ್ನು ದೊಡ್ಡದು. ಗಂಡು ಮೂರು ಮೀಟರ್ ತನಕ ಬೆಳೆಯುತ್ತೆ, ಎಪ್ಪತ್ತು ಎಂಬತ್ತು ಕೆಜಿ. ಜಿಂಕೆ ದಾರಿಲಿ ಅಲ್ಲಾಡದೆ ಬಿದ್ಕೊಂಡಿದ್ದು ಹತ್ರ ಬಂದಾಗ ಹಾರಿ ಕಚ್ಚಿ ಹಿಂದಕ್ಕೆ ಎಳೆಯುತ್ತೆ, ಗರಗಸದಂಥ ಹಲ್ಲು, ಮಾಂಸ ಸೀಳ್ಕೊಂಡು ಬರುತ್ತೆ. ಅದರ ಬಾಯಲ್ಲಿರೋ ಕೊಳಕು ಬ್ಯಾಕ್ಟೀರಿಯಾದಿಂದ ಬೇಟೆ ಸಾಯುತ್ತೆ ಅಂತ ಬಹಳ ಕಾಲ ನಂಬಿದ್ರು, ಈಗ್ಲೂ ಟಿವಿಲಿ ಹೇಳ್ತಾರೆ, ನಂಗೆ ಕೇಳಿದ್ರೆ ಸಿಟ್ಟು ಬರುತ್ತೆ. 2009ರಲ್ಲಿ ವಿಷದ ಬಗ್ಗೆ ಸಂಶೋಧನೆ ಮಾಡೋ ವಿಜ್ಞಾನಿ ಬ್ರಯಾನ್ ಫ್ರೈ ಮತ್ತು ಸಂಗಡಿಗರು ಕೆಳದವಡೇಲಿ ವಿಷದ ಗ್ರಂಥಿ ಇರೋದನ್ನ ತೋರಿಸಿದ್ರು, ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ವಿಷ. ತಿಂದಾದ್ಮೇಲೆ ಇನ್ನೊಂದು ನೋಡೋ ಹಾಗಿರುತ್ತೆ: ಕೊಂಬು, ಕೂದಲು, ಹಲ್ಲು ಎಲ್ಲ ಲೋಳೆ ಸುತ್ಕೊಂಡು ಉಂಡೆಯಾಗಿ ವಾಂತಿ ಆಗುತ್ತೆ, ಆಮೇಲೆ ಆ ಲೋಳೆ ತನಗೇ ಹೇಸಿಗೆ ಅನ್ನೋ ಹಾಗೆ ಮೂತಿನ ಮಣ್ಣಿಗೆ ಉಜ್ಜುತ್ತೆ.

ಇಷ್ಟಕ್ಕೂ ಆಧಾರ ಜಿಂಕೆ. ಪಡಾರ್ ಅಂತ ದ್ವೀಪ ಇದೆ, ಟೂರಿಸ್ಟ್ ಫೋಟೋಗಳಲ್ಲಿ ಮೂರು ಕೊಲ್ಲಿ ಕಾಣುತ್ತಲ್ಲ ಅದೇ. ಅಲ್ಲಿ ಕಳ್ಳಬೇಟೆಗೆ ಜಿಂಕೆ ಕಮ್ಮಿಯಾಗಿ 1970ರ ದಶಕದಲ್ಲಿ ಡ್ರ್ಯಾಗನ್ನೂ ಕಾಣದಾಯ್ತು. ಈಜೋಕೆ ಬಂದ್ರೂ ಇವು ಹುಟ್ಟಿದ ಕಣಿವೆ ಬಿಟ್ಟು ದೂರ ಹೋಗೋದು ತೀರಾ ಅಪರೂಪ, ಅದೇ ಇವಕ್ಕೆ ಮುಳುವು. 1980ರಲ್ಲಿ ಕೊಮೊಡೊ ನ್ಯಾಷನಲ್ ಪಾರ್ಕ್ ಆಯ್ತು, 1991ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೂ ಸೇರ್ತು, ಆದ್ರೂ 2021ರಲ್ಲಿ ಐಯುಸಿಎನ್, ಅಂದ್ರೆ ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಪಟ್ಟಿ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ, ಈ ಡ್ರ್ಯಾಗನ್ನನ್ನ ಅಳಿವಿನಂಚಿನ ಪಟ್ಟಿಗೆ ಹಾಕ್ತು, ಸಮುದ್ರ ಮಟ್ಟ ಏರ್ತಿರೋದೂ ಒಂದು ಕಾರಣ. ಪಾರ್ಕ್ ಗಡಿ ಆಚೆ ಫ್ಲೋರೆಸ್‌ನಲ್ಲಿ ಇರೋವು ಹಳ್ಳಿಗಳ ಪಕ್ಕದಲ್ಲೇ ಬದುಕ್ತವೆ, ಅಲ್ಲಿ ಮೇಕೆ ಕಳ್ಕೊಂಡ ರೈತನ್ನ ಬಿಟ್ಟು ಡ್ರ್ಯಾಗನ್ ಉಳಿಸೋ ಪ್ಲ್ಯಾನ್ ಮಾಡಿದ್ರೆ ಅದು ಪೇಪರಲ್ಲೇ ಉಳಿಯುತ್ತೆ. ಪ್ರಶ್ನೆ ಇದ್ರೆ ಕೇಳಿ.