‘ದೊಡ್ಡ ಸಾಚಾ’ ಅನ್ನುವ ಮುಂಚೆ

ಎಲ್ಲರಿಗೂ ನಮಸ್ಕಾರ. ಇವತ್ತು ಒಂದು ಬೈಗುಳದ ಬಗ್ಗೆ ಮಾತಾಡಬೇಕು. ಕೇಳುವುದಕ್ಕೆ ಅದು ಬೈಗುಳ ಅಂತ ಅನಿಸುವುದೇ ಇಲ್ಲ.

ಕಳೆದ ಮಳೆಗಾಲದಲ್ಲಿ ಶಿರಸಿಯಿಂದ ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟದಲ್ಲಿ ಗಾಡಿ ನಿಲ್ಲಿಸಿದ್ದೆವು. ಬಾಳೆಕಾಯಿ ಚಿಪ್ಸ್ ತಿಂದು ಮುಗಿದ ಮೇಲೆ ಒಬ್ಬ ಗೆಳೆಯ ಖಾಲಿ ಪ್ಯಾಕೆಟ್‌ಗಳನ್ನು, ಯಾರೋ ಬಿಸಾಡಿದ್ದ ಎರಡು ನೀರಿನ ಬಾಟಲಿಗಳನ್ನೂ ಸೇರಿಸಿ, ಚೀಲಕ್ಕೆ ತುಂಬುತ್ತಿದ್ದ. ‘ಏ ಮಾರಾಯಾ, ಗುಡಿ ಟೂ ಶೂಸ್ ಶುರು ಮಾಡಿದ ನೋಡು’ ಎಂದ ಇನ್ನೊಬ್ಬ. ಅತಿ ಒಳ್ಳೆಯವರ ಹಾಗೆ ಆಡುತ್ತಾರೆ ಅನಿಸಿದವರನ್ನು ಇಂಗ್ಲಿಷಿನಲ್ಲಿ ಹೀಗೆ ಕುಟುಕುತ್ತಾರೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನ ಕಿವಿ ಕೆಂಪಗಾಯಿತು. ತಲೆ ಎತ್ತದೆ ಚೀಲದ ಬಾಯಿ ಕಟ್ಟಿದ.

ಆ ಮಾತು ಜನರ ಬಾಯಿಗೆ ಬಂದದ್ದು ಒಂದು ಮಕ್ಕಳ ಕಥೆಯಿಂದ. 1765ರಲ್ಲಿ ಲಂಡನ್ನಿನ ಜಾನ್ ನ್ಯೂಬೆರಿ ಪ್ರಕಟಿಸಿದ್ದು. ಮಾರ್ಜರಿ ಅಂತ ಒಬ್ಬಳು ತಬ್ಬಲಿ ಹುಡುಗಿ, ಅವಳ ಹತ್ತಿರ ಇದ್ದದ್ದು ಒಂದೇ ಬೂಟು. ಜೋಡಿ ಬೂಟು ಸಿಕ್ಕಿದಾಗ ಖುಷಿ ತಡೆಯದೆ ‘ಎರಡು ಬೂಟು, ಎರಡು ಬೂಟು’ ಅಂತ ಕಂಡವರಿಗೆಲ್ಲ ತೋರಿಸುತ್ತಾಳೆ. ಆಮೇಲೆ ಓದು ಕಲಿತು, ಮಕ್ಕಳಿಗೂ ಕಲಿಸುತ್ತಾಳೆ. ಪಾಪ, ಅವಳ ಹೆಸರು ಹಿಡಿದು ನಾವು ಹೀಯಾಳಿಸುತ್ತೇವೆ!

‘ಹೋಲಿಯರ್ ದ್ಯಾನ್ ದೌ’ ಅನ್ನುವ ಮಾತನ್ನು ನಾನು ಒಪ್ಪುತ್ತೇನೆ. ಬೈಬಲ್ಲಿನ ಯೆಶಾಯನ ಭಾಗದಿಂದ ಬಂದದ್ದು ಅದು, ‘ನಿನಗಿಂತ ನಾನೇ ಮಡಿ’ ಅನ್ನುವ ಸೊಕ್ಕಿಗೆ ಇಟ್ಟ ಹೆಸರು. ಆದರೆ ‘ಡೂ-ಗುಡರ್’ ಅಂದರೆ ಒಳ್ಳೆಯದು ಮಾಡುವವ ಅಂತಷ್ಟೇ ಅಲ್ವಾ? ಅದನ್ನೂ ಮೂಗು ಮುರಿದೇ ಹೇಳುತ್ತಾರೆ. ನಮ್ಮಲ್ಲೂ ಹಾಗೇ. ಬೂಟಾಟಿಕೆ ಮಾಡುವವನನ್ನು ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಅನ್ನಿ, ನನ್ನ ತಕರಾರಿಲ್ಲ. ಲಂಚ ಕೊಡುವುದಿಲ್ಲ ಅಂತ ಸುಮ್ನೆ ಸಾಲಿನಲ್ಲಿ ನಿಂತವನಿಗೂ ‘ಸತ್ಯಹರಿಶ್ಚಂದ್ರ’, ‘ದೊಡ್ಡ ಸಾಚಾ’ ಅನ್ನುವುದು ಯಾಕೆ? ಅವನು ಯಾರಿಗೂ ಬುದ್ಧಿ ಹೇಳಿಲ್ಲ. ಅವನನ್ನು ನೋಡಿ ನಮಗೇ ಮುಜುಗರ ಆಗಿದೆ, ಆ ಮುಜುಗರವನ್ನು ಅವನ ತಲೆಗೆ ಕಟ್ಟುತ್ತೇವೆ.

1983ರಲ್ಲಿ ಇದೇ ಶಿರಸಿ ಸೀಮೆಯ ಸಾಲ್ಕಣಿಯವರು ಕಾಡಿಗೆ ನಡೆದು ಹೋಗಿ, ಕೊಡಲಿ ಬೀಳದ ಹಾಗೆ ಮರ ಅಪ್ಪಿಕೊಂಡು ನಿಂತರು. ಅಪ್ಪಿಕೊ ಚಳವಳಿ ಅಂತ ಇವತ್ತು ಹೆಮ್ಮೆಯಿಂದ ಹೇಳುತ್ತೇವೆ. ಅವತ್ತು ಅವರು ಇಂಥ ನಗುವಿಗೆ ನಾಚಿ ಮನೆಗೆ ವಾಪಸ್ ಹೋಗಿದ್ದರೆ?

ಮೊನ್ನೆ ಅದೇ ಘಟ್ಟದಲ್ಲಿ ಮತ್ತೆ ನಿಂತಿದ್ದೆವು. ಅವನು ಖಾಲಿ ಪ್ಯಾಕೆಟ್ ಮಡಚಿ ಕೈಯಲ್ಲಿ ಹಿಡಿದುಕೊಂಡ. ಒಂದು ಸಲ ನಮ್ಮ ಮುಖ ನೋಡಿದ. ಆಮೇಲೆ ಅದನ್ನು ರಸ್ತೆ ಬದಿಯ ಕಟ್ಟೆಯ ಮೇಲೆ ಇಟ್ಟು ಬಂದು ಗಾಡಿ ಹತ್ತಿದ.